ಐದರ ಜಾಗಕ್ಕೆ ಆರು

ಸೆಪ್ಟೆಂಬರ್ 2, ಮಂಗಳವಾರ. ಮಧ್ಯಾಹ್ನ 1.20

ಊಟ ಆಯಿತು. ಡಬ್ಬಿ ತೊಳೆದಿಟ್ಟೆ. ರೇಲಿಂಗಿನ ಉತ್ತರದ ಸಾಲು ಕಂಪ್ಯೂಟರಿನಲ್ಲಿ ಬೆಳಿಗ್ಗೆಯೇ ಮುಗಿಯಿತು — ಹತ್ತೂವರೆ ಮೀಟರ್, ಹತ್ತು ಪ್ಯಾನೆಲ್, ಒಂದು ಮಿಲಿ ಆಚೆ ಇಲ್ಲ ಈಚೆ ಇಲ್ಲ. ಹಿಡಿದದ್ದು ನಾಲ್ಕು ನಿಮಿಷ. ಮರದಲ್ಲಾಗಿದ್ದರೆ ನಾಲ್ಕು ದಿನ, ಎರಡು ಜಗಳ.

ಉಂಗುರದ ಬೆರಳು ಇನ್ನೂ ಮುನಿಸಿಕೊಂಡೇ ಇದೆ. ದಿನಕ್ಕೆ ಅರ್ಧ ಪುಟ ಬಲಗೈಯಲ್ಲೇ ಬರೆಯಬೇಕು ಅಂದಿದ್ದಾರೆ ವ್ಯಾಯಾಮದ ಡಾಕ್ಟರಮ್ಮ. ಏನು ಬರೆಯಲಿ ಅಂದೆ. "ಏನಾದ್ರೂ ಬರೀರಿ, ನಾನೇನೂ ಓದಲ್ಲ" ಅಂದರು. ಯಾರೂ ಓದುವುದಿಲ್ಲ ಅಂದಮೇಲೆ ಜಂಬ ಕೊಚ್ಚಿಕೊಳ್ಳಲು ಅಡ್ಡಿಯೇನು?

ಕೊಚ್ಚಿಕೊಳ್ಳುತ್ತೇನೆ. ಮೂವತ್ತೆಂಟು ವರ್ಷ ಮೆಟ್ಟಿಲು, ಕಟಕಟೆ, ರೇಲಿಂಗು — ನನ್ನ ಕೈಯಲ್ಲಿ ಹುಟ್ಟಿದ್ದಕ್ಕೆ ಲೆಕ್ಕವಿಲ್ಲ. ಹೋದ ವರ್ಷ ಮರ ಹೆರೆಯುವ ಮೆಷಿನ್ ಕೈ ಕಚ್ಚಿತು. ಮೇಸ್ತ್ರಿ ಕಥೆ ಮುಗಿಯಿತು ಅಂದರು ಎಲ್ಲರೂ. ಸೊಸೆ ಮಾತ್ರ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ಮಾವ, ರೇಲಿಂಗ್ ನಿಮಗೆ ಗೊತ್ತು. ಮೌಸ್ ನಾನು ಕಲಿಸ್ತೀನಿ."

ಅರವತ್ತೊಂದನೇ ವಯಸ್ಸಿಗೆ ಎಡಗೈಯಲ್ಲಿ ಮೌಸ್ ಹಿಡಿದೆ. ಆರು ತಿಂಗಳು ಮನೆಯಲ್ಲಿ ಕಲಿತೆ. ಈಗ ಕಟ್ಟಡಗಳ ನಕ್ಷೆ ಮಾಡುವ ಅವಳ ಆಫೀಸಿನಲ್ಲೇ ಮೂಲೆಯ ಟೇಬಲ್ಲು ನನ್ನದು. ಸೈಕಲ್ ಅಂಗಡಿಯ ಮೇಲಿನ ಮೂರು ರೂಮು, ಒಂದು ಗಾಜಿನ ಬಾಗಿಲು.

ಒಂದೇ ತಕರಾರು. ಆಫೀಸಿನಲ್ಲಿ ಸೊಸೆಗೊಬ್ಬರು ಪಾಲುದಾರರಿದ್ದಾರೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಆದರೂ ಸಾರ್ ಅನ್ನುತ್ತೇನೆ. ಮಾವನನ್ನು ಕೆಲಸಕ್ಕಿಟ್ಟುಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. "ಮೂರು ತಿಂಗಳು ನೋಡೋಣ" ಅಂದರು. ಅಕ್ಟೋಬರ್ 31ಕ್ಕೆ ಮೂರು ತಿಂಗಳು.

ನೋಡಲಿ. ಕಣ್ಣು ಅವರದು.


ಸೆಪ್ಟೆಂಬರ್ 3, ಬುಧವಾರ

ಕೆಲಸ ಏನು ಅಂತ ಇಲ್ಲಿ ಬರೆದಿಟ್ಟಿರಲಿ. ಮಕ್ಕಳ ಆಸ್ಪತ್ರೆಯ ಹೊಸ ಕಟ್ಟಡ. ನಡುವೆ ಅಂಗಳ. ಮೂರನೇ ಮಹಡಿಯಲ್ಲಿ ಅಂಗಳದ ಸುತ್ತ ಓಡಾಡುವ ಜಾಗ. ಅದರ ನಾಲ್ಕೂ ಕಡೆ ರೇಲಿಂಗ್. ಕಂಬ, ಸಂದು, ಪ್ಯಾನೆಲ್, ಸಂದು, ಮತ್ತೆ ಕಂಬ. ಪ್ಯಾನೆಲ್ ಅಂದರೆ ತೂತು ತೂತಿನ ತಗಡಿಗೆ ಕಬ್ಬಿಣದ ಚೌಕಟ್ಟು, ಒಂಬೈನೂರು ಮಿಲಿ ಅಗಲ. ಸಂದು ಐವತ್ತು. ಕಂಬ ಐವತ್ತು. ಹೀಗೆ ಒಮ್ಮೆ ಹೇಳಿಕೊಟ್ಟು ಗೆರೆ ಎಳೆದರೆ ಸಾಕು, ಸಾಫ್ಟ್‌ವೇರ್ ಆ ಉದ್ದಕ್ಕೂ ತಾನೇ ತುಂಬಿಕೊಂಡು ಹೋಗುತ್ತದೆ.

ಕೊನೆಯಲ್ಲಿ ತುಂಡು ಜಾಗ ಉಳಿದರೆ? ನನ್ನ ಕಾಲದಲ್ಲಿ ಅದೇ ದೊಡ್ಡ ತಲೆನೋವು. ಮೂಲೆಯಲ್ಲಿ ಒಂದು ಬಡಕಲು ತುಂಡು ಸೇರಿಸಿ, ಮನೆಯವರು ನೋಡುವ ಮೊದಲು ಅದರ ಮುಂದೆ ಹೂವಿನ ಕುಂಡ ಇಡಿಸುತ್ತಿದ್ದೆ. ಇಲ್ಲಿ ಹಾಗಿಲ್ಲ. ಒಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ "ಸ್ಪ್ರೆಡ್" ಅಂತಿದೆ. ಉಳಿದ ಜಾಗವನ್ನು ಎಲ್ಲದಕ್ಕೂ ಸಮವಾಗಿ ಹಂಚಿಬಿಡುತ್ತದೆ. ಆಫೀಸಿನ ಸಿದ್ಧ ಟೆಂಪ್ಲೇಟ್‌ನಲ್ಲಿ, ಅಂದರೆ ಎಲ್ಲರೂ ಬಳಸುವ ಅಚ್ಚಿನಲ್ಲಿ, ಮೊದಲೇ ಹಾಗೆ ಇಟ್ಟಿದ್ದರು.

ಕಂಡುಹಿಡಿದವನ ಕೈಗೆ ಚಿನ್ನದ ಕಡಗ ಹಾಕಬೇಕು.


ಸೆಪ್ಟೆಂಬರ್ 9, ಮಂಗಳವಾರ. ಸಂಜೆ

ನಾಲ್ಕೂ ಸಾಲು ಮುಗಿಸಿದೆ. ಉತ್ತರ ಹತ್ತು, ದಕ್ಷಿಣ ಹತ್ತು, ಪಶ್ಚಿಮ ಒಂಬತ್ತು, ಪೂರ್ವ ಐದು. ಒಟ್ಟು ಮೂವತ್ತನಾಲ್ಕು. ಪೂರ್ವದಲ್ಲಿ ಲಿಫ್ಟಿನ ಗೋಡೆ ಬಂದು ಉದ್ದ ಕಡಿಮೆ — ಐದು ಮೀಟರ್ ತೊಂಬತ್ತಮೂರು. ಸ್ಪ್ರೆಡ್ ಒತ್ತಿದ್ದೇ ತಡ, ಐದೂ ಪ್ಯಾನೆಲ್ ಡ್ರಿಲ್ ಮಾಸ್ತರರ ಮುಂದೆ ನಿಂತ ಹಾಗೆ ನಿಂತವು.

ಸೊಸೆ ಹಿಂದೆ ಬಂದು ನಿಂತು ನೋಡಿದಳು. "ಮಾವ, ನೀಟಾಗಿದೆ."

"ನೀಟಾಗಿದೆ ಅಷ್ಟೇನಾ?"

"ತುಂಬಾ ನೀಟಾಗಿದೆ. ಸಾಕಾ?"

ಸಾಕು. ಸಹಿ ಹಾಕಿ ಕಳಿಸಿದಳು.

ಮನೆಯಲ್ಲಿ ಇವಳಿಗೆ ಹೇಳಿದೆ. "ನಾಲ್ಕು ನಿಮಿಷದ ಕೆಲಸಕ್ಕೆ ಇಡೀ ದಿನ ಅಲ್ಲೇನು ಮಾಡ್ತೀರಿ?" ಅಂದಳು. ಹೆಂಡತಿಗೆ ಯಾವತ್ತೂ ನಿಮಿಷದ ಲೆಕ್ಕ ಹೇಳಬಾರದು.


ಸೆಪ್ಟೆಂಬರ್ 15, ಸೋಮವಾರ

ಗ್ರಿಲ್ ಅಕ್ಕ ಫೋನ್ ಮಾಡಿದ್ದಳು. ಕಬ್ಬಿಣದ ಕೆಲಸ ಅವಳ ಶೆಡ್ಡಿನದು. ವಯಸ್ಸಿನಲ್ಲಿ ನನಗಿಂತ ಆರು ವರ್ಷ ಚಿಕ್ಕವಳು, ಆದರೆ ಊರಿಗೆಲ್ಲ ಅಕ್ಕ. ಇಪ್ಪತ್ತು ವರ್ಷ ಒಟ್ಟಿಗೆ ದುಡಿದಿದ್ದೇವೆ. ಮರ ನನ್ನದು, ಕಬ್ಬಿಣ ಅವಳದು, ಬೈಗುಳ ಇಬ್ಬರದೂ.

"ಏನ್ ಮೌಸ್ ಮೇಸ್ತ್ರಿ, ಹೇಗಿದೀರಾ?"

ಹೊಸ ಹೆಸರಿಟ್ಟಿದ್ದಾಳೆ. ಇರಲಿ.

"ಮೂರು ಸಾಲಿಗೆ ಕಂಬದಿಂದ ಕಂಬಕ್ಕೆ ಸಾವಿರದ ಐವತ್ತು ಬರುತ್ತೆ. ಪೂರ್ವದ್ದು ಮಾತ್ರ ಸಾವಿರದ ನೂರ ಎಂಬತ್ತಾರು. ಪ್ಯಾನೆಲ್ಲು ಮಾತ್ರ ಅದೇ ಒಂಬೈನೂರು. ಯಾಕೋ ಹೊಂದ್ತಿಲ್ಲ."

"ಸಮವಾಗಿ ಹರಡಿದೆ ಅಕ್ಕ. ಐದೂ ಒಂದೇ ಥರ ಇದೆ ತಾನೆ?"

"ಒಂದೇ ಥರ ಇದೆ. ಒಂದೇ ಥರ ತಪ್ಪೂ ಇರಬಹುದಲ್ಲ?"

ನಕ್ಕುಬಿಟ್ಟೆ. ಕಂಪ್ಯೂಟರ್ ಮಾಡಿದ ಭಾಗಾಕಾರಕ್ಕೆ ಟೇಪು ಹಿಡಿಯೋಕೆ ಬಂದಿದ್ದೀರಲ್ಲ ಅಂದೆ. ಅವಳೂ ನಕ್ಕಳು. "ಸರಿ ಬಿಡಿ, ಡ್ರಾಯಿಂಗ್ ನಿಮ್ಮದು, ಡ್ರಿಲ್ಲು ನನ್ನದು. ಮುಂದಿನ ಗುರುವಾರ ಕಂಬಕ್ಕೆ ತೂತು ಹೊಡೀತೀವಿ."

ಪಾಪ. ಇನ್ನೂ ಹಳೆಯ ಕಾಲದಲ್ಲೇ ಇದ್ದಾಳೆ.


ಸೆಪ್ಟೆಂಬರ್ 24, ಬುಧವಾರ. ಸಂಜೆ 5.40

ಇವತ್ತಿನದು ಅರ್ಧ ಪುಟಕ್ಕೆ ಮುಗಿಯುವುದಿಲ್ಲ.

ಆಸ್ಪತ್ರೆಯವರು ಬೋರ್ಡಿಗೆ ಹಾಕಲು ಒಂದು ಚಿತ್ರ ಕೇಳಿದ್ದರು. ಮೂರನೇ ಮಹಡಿಯದು. ಜನ ಓಡಾಡುತ್ತಿರುವ ಹಾಗೆ ಮಾಡಿ ಅಂದಿದ್ದಳು ಸೊಸೆ. ಸಾಫ್ಟ್‌ವೇರ್‌ನಲ್ಲಿ ಬೊಂಬೆ ಜನ ಸಿಗುತ್ತಾರೆ — ಗಂಡಸು, ಹೆಂಗಸು, ಮಗು. ಎಲ್ಲರನ್ನೂ ಅಲ್ಲಲ್ಲಿ ನಿಲ್ಲಿಸಿದೆ. ಪೂರ್ವದ ಕಡೆ ಆಟದ ಕೋಣೆ ಇದೆಯಲ್ಲ, ಅದರ ಮುಂದೆ ಒಂದು ಮಗು ಇಟ್ಟೆ. ಅಂಗಳ ನೋಡುತ್ತಿರುವ ಹಾಗೆ ಇರಲಿ ಅಂತ ರೇಲಿಂಗಿನ ಹತ್ತಿರ ಸರಿಸಿದೆ. ಇನ್ನೂ ಸ್ವಲ್ಪ.

ಮಗುವಿನ ಮುಖ ಸಂದಿಯೊಳಗೆ ಹೋಯಿತು. ಎಲ್ಲೂ ತಾಗಲಿಲ್ಲ.

ಬೊಂಬೆ ಚಿಕ್ಕದಿರಬೇಕು ಅಂದುಕೊಂಡೆ. ಅಳೆದೆ. ಬೊಂಬೆ ಸರಿಯಾಗಿಯೇ ಇದೆ. ಸಂದು ಅಳೆದೆ. ನೂರ ಹದಿನೆಂಟು. ಐವತ್ತಿರಬೇಕಾದದ್ದು. ನೂರಕ್ಕಿಂತ ಒಂದು ಮಿಲಿಯೂ ಜಾಸ್ತಿ ಬಿಡಬಾರದು ಅನ್ನುವುದು ಈ ಕೆಲಸದ ಮೊದಲ ಪಾಠ. ನಾನೇ ಎಷ್ಟು ಜನರಿಗೆ ಹೇಳಿಕೊಟ್ಟಿಲ್ಲ!

ಆಗಿದ್ದು ಇಷ್ಟು. ಸ್ಪ್ರೆಡ್ ಅಂದರೆ ಪ್ಯಾನೆಲ್ಲನ್ನೂ ಹಿಗ್ಗಿಸುತ್ತದೆ ಅಂದುಕೊಂಡಿದ್ದೆ. ಪ್ಯಾನೆಲ್ ಒಂಬೈನೂರು ಅಂತ ನಾವೇ ಹೇಳಿದ್ದೇವೆ, ಅದು ಯಾಕೆ ಹಿಗ್ಗುತ್ತದೆ? ಸಂದು ಮಾತ್ರ ಹಿಗ್ಗಿದೆ. ಐದಕ್ಕೂ ಸಮವಾಗಿ. ಆ ಸಮ ನೋಡಿಯೇ ನನ್ನ ಕಣ್ಣು ಕಟ್ಟಿತು. ಒಂದೇ ಒಂದು ಸಂದು ಅಗಲ ಆಗಿದ್ದರೆ ಅರ್ಧ ಕಣ್ಣಿಗೂ ಕಾಣುತ್ತಿತ್ತು. ಉಳಿದ ಮೂರು ಸಾಲಿನಲ್ಲಿ ಉದ್ದ ಸರಿಯಾಗಿ ಕೂತಿತ್ತು, ಅದಕ್ಕೇ ಬಚಾವಾದೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಅಕ್ಕ ಡ್ರಿಲ್ ಹಾಕುತ್ತಾಳೆ. ಸೊಸೆ ಪರವೂರಲ್ಲಿ, ಮೀಟಿಂಗ್‌ನಲ್ಲಿ. ಫೋನ್ ಆಫ್.


ಅದೇ ದಿನ. ಸಂಜೆ 7.15

ಬಸ್ಸಿನಿಂದಲೇ ಮಗನಿಗೆ ಫೋನ್ ಮಾಡಿದ್ದೆ. ಅವನದು ಔಷಧಿ ಅಂಗಡಿ, ರೇಲಿಂಗ್ ಗೊತ್ತಿಲ್ಲ, ಆದರೆ ಹೆಂಡತಿಯ ಆಫೀಸು ಗೊತ್ತು.

"ಅಪ್ಪ, ಗಾಬರಿ ಬೇಡ. ತಿದ್ದಿ ಹೊಸ ರಿವಿಷನ್ ಅಂತ ಕಳಿಸಿಬಿಡಿ. ಸಣ್ಣ ಬದಲಾವಣೆ ಅಂತ ಹಾಕಿ. ತಿಂಗಳಿಗೆ ಹತ್ತು ಹೋಗ್ತಿರುತ್ತೆ. ಯಾರು ಕೇಳ್ತಾರೆ?"

"ಅವಳ ಪಾಲುದಾರರಿಗೆ ಗೊತ್ತಾದ್ರೆ?"

"ಗೊತ್ತಾಗಬಾರದು ಅಂತಾನೇ ಹೇಳ್ತಿರೋದು. ಇನ್ನೊಂದು ತಿಂಗಳು ಇದೆ ನಿಮ್ಮ ಟ್ರಯಲ್ಲು."

ಸುಳ್ಳು ಬರೆಯುವುದಿಲ್ಲ — ಎರಡು ಸ್ಟಾಪು ದಾಟುವವರೆಗೆ ನನಗೂ ಹಾಗೇ ಅನ್ನಿಸಿತ್ತು. ಸಣ್ಣ ಬದಲಾವಣೆ. ಎರಡೇ ಶಬ್ದ.

ಆದರೆ ಅಕ್ಕನಿಗೆ ಏನು ಹೇಳುವುದು? ಅವಳು ಹತ್ತು ದಿನ ಮೊದಲೇ ಹೇಳಿದ್ದಳು. ನಾನು ನಕ್ಕಿದ್ದೆ. ಇಳಿದವನೇ ಸ್ಟಾಪಿನ ಬೆಂಚಿನ ಮೇಲೆ ಕೂತು ಫೋನ್ ಮಾಡಿದೆ.

"ಅಕ್ಕ, ನಾಳೆ ಪೂರ್ವದ ಸಾಲಿಗೆ ಕೈ ಹಾಕಬೇಡಿ."

"ಯಾಕೆ?"

"ನೀವು ಹೇಳಿದ್ದೇ ಸರಿ. ಸಂದು ನೂರ ಹದಿನೆಂಟಿದೆ. ತಪ್ಪು ನಂದು."

"ಏನಂದ್ರಿ? ಗ್ರೈಂಡರ್ ಸದ್ದಲ್ಲಿ ಕೇಳಿಸ್ಲಿಲ್ಲ."

"ಗ್ರೈಂಡರ್ ಎಲ್ಲಿ ಓಡ್ತಿದೆ? ಕೇಳಿಸಿದೆ ನಿಮಗೆ."

"ಕೇಳಿಸ್ತು. ಇನ್ನೊಂದ್ಸಲ ಹೇಳಿ, ಕಿವಿಗೆ ಹಿತವಾಗಿದೆ."

ಹೇಳಿದೆ. ಇನ್ನೊಂದು ಸಲ. ಆಮೇಲೆ ಅವಳ ದನಿ ಬದಲಾಯಿತು. "ಅಲ್ಲಿ ಆಟದ ರೂಮು ಅಲ್ವಾ ಮೇಸ್ತ್ರಿ?"

"ಹೌದು."




ಸೆಪ್ಟೆಂಬರ್ 25, ಗುರುವಾರ. ಮಧ್ಯಾಹ್ನ

ದಾರಿ ಸಿಕ್ಕಿತು. ಬೆಳಿಗ್ಗೆ ಸ್ನಾನ ಮಾಡುವಾಗ. ಇವಳು ಬಾಗಿಲು ಬಡಿದು "ಒಳಗೆ ಯಾರ ಜೊತೆ ಮಾತಾಡ್ತಿದೀರಿ?" ಅಂದಳು. ಲೆಕ್ಕ ಮಾಡ್ತಿದೀನಿ ಅಂದೆ.

ಐದರ ಜಾಗಕ್ಕೆ ಆರು. ಅಷ್ಟೇ! ಐದೂವರೆ ಚಿಲ್ಲರೆ ಪ್ಯಾನೆಲ್ಲಿನ ಜಾಗವನ್ನು ಸಾಫ್ಟ್‌ವೇರ್ ಐದಕ್ಕೆ ಇಳಿಸಿತ್ತು, ನಾನು ಆರಕ್ಕೆ ಏರಿಸಿದೆ. ಆರು ಪ್ಯಾನೆಲ್ ಹಾಕಿದರೆ ಸಂದು ಹತ್ತೊಂಬತ್ತು ಮಿಲಿ. ಒಂಬೈನೂರರ ಪ್ಯಾನೆಲ್ಲೇ ನಡೆಯುತ್ತದೆ. ಅಕ್ಕ ಮಾಡಿಟ್ಟ ಐದೂ ದಂಡವಾಗುವುದಿಲ್ಲ. ಇನ್ನೊಂದು ಪ್ಯಾನೆಲ್, ಇನ್ನೊಂದು ಕಂಬ, ಪ್ಯಾನೆಲ್ಲನ್ನು ಕಂಬಕ್ಕೆ ಹಿಡಿಸಲು ಗಿಡ್ಡ ಕ್ಲಿಪ್ಪು. ಆ ಸಾಲು ಉಳಿದ ಮೂರಕ್ಕಿಂತ ಕೊಂಚ ಒತ್ತಾಗಿ ಕಾಣುತ್ತದೆ. ಕಾಣಲಿ.

ಸೊಸೆ ಹನ್ನೊಂದಕ್ಕೆ ಬಂದಳು. ಬ್ಯಾಗ್ ಇಳಿಸುವ ಮೊದಲೇ ಎಲ್ಲ ಹೇಳಿದೆ. ನಿಂತೇ ಕೇಳಿದಳು.

"ಎಷ್ಟು ಮಿಲಿ?"

"ನೂರ ಹದಿನೆಂಟು."

ಕುರ್ಚಿ ಎಳೆದುಕೊಂಡು ಕೂತಳು. "ಸಹಿ ನಂದು, ಮಾವ. ನಾನೂ ನೋಡಿ 'ನೀಟಾಗಿದೆ' ಅಂದೆನಲ್ಲ."

"ಗೆರೆ ಎಳೆದ ಕೈ ನಂದು."

"ಆಯ್ತು, ಇಬ್ಬರೂ ಹಂಚಿಕೊಳ್ಳೋಣ. ಸಮವಾಗಿ." ನಗಲಿಲ್ಲ ಅವಳು. ಆದರೆ ಹಾಗಂದಳು.

ಹೊಸ ರಿವಿಷನ್‌ನಲ್ಲಿ ಕಾರಣ ಬರೆಯಲು ಒಂದು ಗೆರೆ ಜಾಗವಿದೆ. ಬರೆದೆ: "ಪೂರ್ವದ ಸಾಲಿನ ಸಂದು 118 ಮಿಲಿ ಇತ್ತು. ತಪ್ಪು. ಆರು ಪ್ಯಾನೆಲ್ ಹಾಕಿ 19ಕ್ಕೆ ತಂದಿದೆ."

ಸಾರ್ ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. "ರಿವಿಷನ್ ನೋಟ್‌ನಲ್ಲಿ ತಪ್ಪು ಅಂತ ಯಾರೂ ಬರೆಯಲ್ಲ."

"ಬೇರೆ ಶಬ್ದ ಇದ್ರೆ ಹೇಳಿ ಸಾರ್, ಹಾಕ್ತೀನಿ."

ಹಾಳೆ ವಾಪಸ್ ಕೊಟ್ಟರು. ಹಾಗೇ ಹೋಯಿತು. ನನ್ನ ಕೆಲಸವೂ ಅದರ ಜೊತೆಗೇ ಹೋಗಬಹುದು. ಹೋದರೆ ಹೋಗಲಿ. ಇವತ್ತು ಚೆನ್ನಾಗಿ ಹಸಿವಾಗಿದೆ.


ಅಕ್ಟೋಬರ್ 6, ಸೋಮವಾರ

ಹನ್ನೊಂದು ದಿನ ಬರೆದಿಲ್ಲ. ಡಾಕ್ಟರಮ್ಮ ಬೆರಳು ಮಡಿಸಿ ನೋಡಿ, ಕಳ್ಳತನ ಅಲ್ಲೇ ಹಿಡಿದರು.

ಒಂದು ಹುಳ ಹೊಕ್ಕಿದೆ ತಲೆಗೆ. ಸ್ಪ್ರೆಡ್ ಅನ್ನುವುದು ಟೆಂಪ್ಲೇಟ್‌ನಲ್ಲಿ ಮೊದಲೇ ಇತ್ತು. ನಾನು ಆರಿಸಿದ್ದಲ್ಲ. ಅಂದರೆ ಬೇರೆಯವರೂ ಅದನ್ನೇ ಬಳಸಿರಬೇಕು. ಟೆಂಪ್ಲೇಟ್ ಯಾವಾಗ ಮಾಡಿದ್ದು ಅಂತ ತೆಗೆದು ನೋಡಿದೆ. ನಾಲ್ಕೂವರೆ ವರ್ಷದ ಹಿಂದೆ. ಮಾಡಿದವರ ಹೆಸರಿನ ಜಾಗದಲ್ಲಿ ಸಾರ್ ಹೆಸರು.

ನಾಲ್ಕೂವರೆ ವರ್ಷದಲ್ಲಿ ಎಷ್ಟು ಕಟ್ಟಡ ಎದ್ದಿವೆ? ಯಾವುದರಲ್ಲಿ ಪ್ಯಾನೆಲ್ ರೇಲಿಂಗ್ ಇದೆ?

ನನ್ನ ತಪ್ಪು ಒಪ್ಪಿಕೊಳ್ಳುವುದು ಸುಲಭವಿತ್ತು. ಅದು ನನ್ನ ಸ್ವಂತದ್ದು. ಇದು ಬೇರೆಯವರ ಮನೆಯ ಬಾಗಿಲು ತಟ್ಟಿದ ಹಾಗೆ. ಅದೂ ಯಾರ ಮನೆ? ಮೂರು ವಾರ ಬಿಟ್ಟು ನನ್ನ ಹಣೆಬರಹ ಬರೆಯುವವರ ಮನೆ.


ಅಕ್ಟೋಬರ್ 9, ಗುರುವಾರ. ಮಧ್ಯಾಹ್ನ 3.00

ತಟ್ಟಿದೆ.

"ಸಾರ್, ಆ ಟೆಂಪ್ಲೇಟ್ ಇಟ್ಟುಕೊಂಡು ಮಾಡಿದ ಹಳೇ ಕೆಲಸಗಳಲ್ಲೂ ಸಂದು ಒಮ್ಮೆ ಅಳೆದು ನೋಡೋದು ಒಳ್ಳೇದು ಅನ್ಸುತ್ತೆ."

ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅವೆಲ್ಲ ಆಗಲೇ ಚೆಕ್ ಆಗಿವೆ."

"ಯಾರು ಮಾಡಿದ್ರು ಸಾರ್?"

ಕೀಬೋರ್ಡಿನ ಸದ್ದು ನಿಂತಿತು. "ನಾನೇ."

"ಹಾಗಾದ್ರೆ ಸರಿಯಾಗೇ ಇರುತ್ತೆ. ಆದ್ರೂ ನೋಡಿಬಿಟ್ರೆ ನನ್ನ ಹುಳ ಸಾಯುತ್ತೆ."

"ನಿಮ್ಮ ಹುಳ ಸಾಯಿಸೋದು ಆಫೀಸಿನ ಕೆಲಸ ಅಲ್ಲ."

ಸರಿ ಅಂದು ಬಂದೆ. ಅಕ್ಕಪಕ್ಕದವರು ಪರದೆಗೆ ಮುಖ ಹತ್ತಿಸಿಕೊಂಡು ಕೂತಿದ್ದರು. ಯಾರ ಬೆರಳೂ ಓಡುತ್ತಿರಲಿಲ್ಲ.

ಮೂಲೆಯಲ್ಲಿ ಕೂತು ಚಹಾ ಕುಡಿದೆ. ಕೇಳಿದ್ದು ಸರಿ ಅಂತಲೇ ಈಗಲೂ ಅನ್ನಿಸುತ್ತಿದೆ. ಕೇಳಿದ ರೀತಿ... ಅದೂ ಸರಿಯೇ.


ಅಕ್ಟೋಬರ್ 13, ಸೋಮವಾರ

ಗಾಜಿನ ಬಾಗಿಲ ಆಚೆ ಸೊಸೆ, ಸಾರ್. ಮಾತು ಕೇಳಿಸುವುದಿಲ್ಲ, ಕೈ ಕಾಣುತ್ತದೆ. ಸೊಸೆಯ ಕೈ ಮೇಜಿನ ಮೇಲೆ ಎರಡು ಸಲ ಬಿತ್ತು. ಹೊರಬಂದವಳೇ ನನ್ನ ಟೇಬಲ್ಲಿನ ನೀರು ಎತ್ತಿ ಕುಡಿದಳು.

"ಮಾವ, ನಿಮ್ಮ ಬಗ್ಗೆ ಅಲ್ಲ ಜಗಳ."

"ಮತ್ತೆ?"

"ಹಳೇ ಮಾಡೆಲ್‌ಗಳ ಬಗ್ಗೆ. ನಾಳೆ ಒಳಗೆ ನೀವು ತೆಗೆದು ನೋಡದೆ ಇದ್ರೆ ನಾನೇ ನೋಡ್ತೀನಿ ಅಂತ ಅವರಿಗೆ ಅಂದೆ."

ಮನೆಯಲ್ಲಿ ಸೊಸೆ ತಟ್ಟೆಗೆ ಕೈ ಹಾಕುತ್ತಿದ್ದಾಗ ಇವಳು ಅವಳ ತಲೆ ಸವರಿದಳು.


ಅಕ್ಟೋಬರ್ 14, ಮಂಗಳವಾರ. ಬೆಳಿಗ್ಗೆ 10.10

ಸಾರ್ ನನ್ನ ಟೇಬಲ್ಲಿಗೆ ಬಂದರು. ಇದೇ ಮೊದಲ ಸಲ. ಕೈಯಲ್ಲೊಂದು ಹಾಳೆ. ಇಟ್ಟರು. ಒಂದು ಶಾಲೆಯ ಮೆಟ್ಟಿಲು, ಮುಗಿದು ಮೂರು ವರ್ಷವಾಗಿದೆ. ಎರಡು ಕಡೆ ಮೆಟ್ಟಿಲು, ಅರವತ್ತನಾಲ್ಕು ಪ್ಯಾನೆಲ್. ಸಂದಿನ ಹತ್ತಿರ ಪೆನ್ಸಿಲ್ಲಿನಲ್ಲಿ ಬರೆದಿದ್ದರು: 112.

"ಉಳಿದ ಏಳು ಕೆಲಸ ಸರಿ ಇವೆ. ಇದೊಂದು."

ಹಾಳೆ ಹತ್ತಿರ ಎಳೆದುಕೊಂಡೆ.

"ಕಟ್ಟುವಾಗ ಸೈಟಿನಲ್ಲಿ ಸರಿ ಮಾಡಿಕೊಂಡಿರಬಹುದು" ಅಂದರು.

"ಮಾಡಿರಬಹುದು ಸಾರ್. ಹೋಗಿ ನೋಡೋಣ."

"ಶನಿವಾರ ಬರ್ತೀರಾ?"

ಬರುವುದಿಲ್ಲ ಅಂದೇನೇ?


ಅಕ್ಟೋಬರ್ 18, ಶನಿವಾರ. ಸಂಜೆ

ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತ್ತು. ಖಾಲಿ ಶಾಲೆಯಲ್ಲಿ ಎಷ್ಟು ಸದ್ದು ಉಳಿದಿರುತ್ತದೆ... ಬಾಗಿಲು ತೆರೆದವಳು ಅಲ್ಲಿನ ಆಯಾ, ಸೊಂಟದಲ್ಲಿ ಬೀಗದ ಕೈ ಗೊಂಚಲು.

ಟೇಪು ನಾನು ಹಿಡಿದೆ, ಸಾರ್ ಬರೆದುಕೊಂಡರು. ನೂರ ಹನ್ನೆರಡು. ನೂರ ಹನ್ನೊಂದು. ನೂರ ಹದಿಮೂರು. ಸೈಟಿನಲ್ಲಿ ಯಾರೂ ಏನೂ ಸರಿ ಮಾಡಿಲ್ಲ. ಡ್ರಾಯಿಂಗ್ ಹೇಗಿತ್ತೋ ಹಾಗೇ ಕಟ್ಟಿದ್ದಾರೆ, ಪ್ರಾಮಾಣಿಕವಾಗಿ.

ನಾಲ್ಕನೇ ಪ್ಯಾನೆಲ್ಲಿನ ಹತ್ತಿರ ಆಯಾ ಕೇಳಿದಳು, "ಆ ಮಗೂದು ನೋಡೋಕೆ ಬಂದ್ರಾ?"

"ಯಾವ ಮಗು?"

"ಹೋದ ವರ್ಷ ಒಂದನೇ ಕ್ಲಾಸಿನ ಹುಡುಗಿ ಇಲ್ಲೇ ತಲೆ ಸಿಕ್ಕಿಸಿಕೊಂಡಿದ್ಲು. ಎಣ್ಣೆ ಹಚ್ಚಿ ತೆಗೆದ್ವಿ. ಕಿವಿ ಕೆಂಪಾಗಿತ್ತು, ಅಷ್ಟೆ. ಸಂಜೆ ಹೊತ್ತಿಗೆ ಆಡ್ಕೊಂಡು ಹೋದ್ಲು."

"ಯಾರಿಗೂ ಹೇಳಲಿಲ್ವಾ?"

"ಏನಂತ ಹೇಳೋದು? ಮಕ್ಕಳಲ್ವಾ, ಸಿಕ್ಕಿಹಾಕ್ಕೋತಾವೆ."

ಸಾರ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಇಸ್ತ್ರಿ ಮಾಡಿದ ಪ್ಯಾಂಟು, ಧೂಳು ತುಂಬಿದ ಮೆಟ್ಟಿಲು. ನೋಟ್‌ಬುಕ್ಕು ಮೊಣಕಾಲ ಮೇಲೆ ಹಾಗೇ ತೆರೆದಿತ್ತು. ಆಯಾ ಗಾಬರಿಯಾಗಿ ನೀರು ತರಲು ಓಡಿದಳು.

ಪಕ್ಕದಲ್ಲಿ ಕೂತೆ. ಟೇಪು ಎಳೆದೆ, ಬಿಟ್ಟೆ. ಎಳೆದೆ, ಬಿಟ್ಟೆ.

"ನೀವು ಕೇಳದೇ ಇದ್ದಿದ್ರೆ ನಾನು ತೆಗೆದು ನೋಡ್ತಿರಲಿಲ್ಲ" ಅಂದರು ಕೊನೆಗೆ.

"ಗ್ರಿಲ್ ಅಕ್ಕ ಕೇಳದೇ ಇದ್ದಿದ್ರೆ ನಾನೂ ನೋಡ್ತಿರಲಿಲ್ಲ ಸಾರ್. ಕೇಳಿದಾಗ ನಕ್ಕಿದ್ದೆ."

"ನಾನು ನಗಲೂ ಇಲ್ಲ."

ಆಮೇಲೆ ಎದ್ದರು. ಉಳಿದ ಅರವತ್ತನ್ನೂ ಅಳೆದೆವು. ಒಂದನ್ನೂ ಬಿಡಲಿಲ್ಲ.


ಅಕ್ಟೋಬರ್ 21, ಮಂಗಳವಾರ

ಶಾಲೆಗೆ ಪತ್ರ ಬರೆದವರು ಸಾರ್. ನನಗೆ ಓದಲು ಕೊಟ್ಟರು. "ಈ ತಪ್ಪು ನಮ್ಮದು" ಅಂತ ಎರಡನೇ ಸಾಲಿನಲ್ಲೇ ಇತ್ತು. ಬೇರೆ ಶಬ್ದ ಅವರಿಗೂ ಸಿಕ್ಕಿಲ್ಲ.

ಸರಿ ಮಾಡುವ ದಾರಿ ನನ್ನ ತಲೆಗೇ ಬಿಟ್ಟಿದ್ದಾರೆ. ಪ್ಯಾನೆಲ್ ಕೀಳುವುದು ಬೇಡ, ಕಂಬ ಸರಿಸುವುದು ಬೇಡ. ಪ್ರತಿ ಸಂದಿನ ನಡುವೆ ಒಂದು ಸಪೂರ ಸರಳು, ಮೇಲಿನಿಂದ ಕೆಳಗೆ. ಒಂದು ಪ್ಯಾನೆಲ್ಲಿಗೆ ಎರಡು ಸಂದು. ನೂರ ಇಪ್ಪತ್ತೆಂಟು ಸರಳು. ಒಂದು ಸಂದು ಎರಡಾಗುತ್ತದೆ, ಒಂದೊಂದೂ ಐವತ್ತರ ಆಸುಪಾಸು. ಮಾಡೆಲ್‌ನಲ್ಲಿ ಹಾಕಿ ತೋರಿಸಿದೆ. ಸಾರ್ ಮೌಸ್ ಕೇಳಿ ತೆಗೆದುಕೊಂಡು ತಾವೇ ಅಳೆದರು. ಒಂದು. ಎರಡು. ಹದಿನೈದು ನಿಮಿಷ ಹಿಂದೆ ನಿಂತಿದ್ದೆ, ಕಾಲು ನೋಯುವವರೆಗೆ.

ಅಕ್ಕನಿಗೆ ಹೇಳಿದೆ. "ನೂರ ಇಪ್ಪತ್ತೆಂಟಾ? ಸಮವಾಗಿ ಹರಡಿದೀರೋ?" ಅಂದಳು. ಇನ್ನು ಹತ್ತು ವರ್ಷ ಇದೇ ಕೇಳಬೇಕು ನಾನು.

ಸರಳು ಸಿದ್ಧವಾಗುವವರೆಗೆ ಆ ಮೆಟ್ಟಿಲಿಗೆ ಗಟ್ಟಿ ಬಲೆ ಬಿಗಿದಿದ್ದೇವೆ. ನಾನೂ ಸೊಸೆಯೂ ಭಾನುವಾರ ಹೋಗಿ ಕಟ್ಟಿದೆವು. ಗಂಟು ಹಾಕಲು ಬಲಗೈ ಸಾಲಲಿಲ್ಲ, ಹಲ್ಲು ಬಳಸಿದೆ.


ನವೆಂಬರ್ 3, ಸೋಮವಾರ. ಮಧ್ಯಾಹ್ನ

ಈಗಷ್ಟೇ ಹೊಳೆಯಿತು. ಅಕ್ಟೋಬರ್ 31 ಹೋಗಿ ಮೂರು ದಿನವಾಯಿತು!

ಆ ದಿನ ಏನು ಮಾಡಿದೆ ಅಂತ ನೆನಪು ಮಾಡಿಕೊಂಡೆ. ಆಸ್ಪತ್ರೆಗೆ ಹೋಗಿದ್ದೆ. ಪೂರ್ವದ ಸಾಲಿನ ಆರನೇ ಪ್ಯಾನೆಲ್ ಕೂರಿಸುವ ದಿನ ಅದು. ಅಕ್ಕ ಗಿಡ್ಡ ಕ್ಲಿಪ್ಪು ಬಿಗಿದು, ಸಂದಿಗೆ ಕೈ ತೂರಿಸಲು ನೋಡಿದಳು. ಬೆರಳ ಗೆಣ್ಣಿನಲ್ಲೇ ನಿಂತಿತು. "ಈಗ ಹೊಂದ್ತು" ಅಂದಳು. ಒತ್ತಾಗಿ ಕಾಣುತ್ತದೆ ಅಂತ ಹೆದರಿದ್ದ ಸೊಸೆಯೇ ಫೋಟೋ ತೆಗೆದುಕೊಂಡಳು.

ಟ್ರಯಲ್ಲು? ಸೊಸೆಗೆ ನೆನಪಿಲ್ಲ. ಸಾರ್‌ಗೂ ನೆನಪಿಲ್ಲ. ಬೆಳಿಗ್ಗೆ ಅವರು ಕೇಳಿದ್ದು, "ಮೇಸ್ತ್ರಿ, ಆ ಹೊಸ ಕಟ್ಟಡದ ಬಾಲ್ಕನಿ ನೀವೇ ತಗೋತೀರಾ?" ಅಂತ. ಇವರೂ ಮೇಸ್ತ್ರಿ ಅನ್ನಲು ಶುರು ಮಾಡಿದ್ದಾರೆ.

ನೆನಪಿಸಲೇ? ಬೇಡ. ನನಗೇನು ಹುಚ್ಚೇ?

ಟೆಂಪ್ಲೇಟ್ ಕೂಡ ಬದಲಾಯಿತು. ಸಂದು ನೂರು ದಾಟಿದರೆ ಆ ಸಾಲು ಕೆಂಪಾಗುವ ಹಾಗೆ ಸೊಸೆ ಮಾಡಿದ್ದಾಳೆ. ಒಳ್ಳೆಯದೇ. ನಾನು ಮಾತ್ರ ಕೆಂಪು ನಂಬಿ ಕೂರುವುದಿಲ್ಲ. ಪ್ರತಿ ಸಾಲಿಗೂ ಒಂದು ಸಲ ಅಳೆಯುತ್ತೇನೆ. ಈಗ ನಾಲ್ಕು ನಿಮಿಷದ ಕೆಲಸ ಆರು ನಿಮಿಷ. ಮನೆಯಲ್ಲಿ ಇವಳಿಗೆ ಹೇಳಿಲ್ಲ.


ನವೆಂಬರ್ 22, ಶನಿವಾರ. ಮಧ್ಯಾಹ್ನ 2.30. ಶಾಲೆಯ ಮೆಟ್ಟಿಲ ಮೇಲೆ

ಇಲ್ಲೇ ಕೂತು ಬರೆಯುತ್ತಿದ್ದೇನೆ. ಮೊಣಕಾಲೇ ಮೇಜು. ಮೂರು ಶನಿವಾರ ಹಿಡಿಯಿತು ಅಕ್ಕನಿಗೆ. ಕೊನೆಯ ಸರಳಿಗೆ ಬಣ್ಣ ಹೊಡೆದದ್ದು ಹೋದ ವಾರ. ಬಲೆ ಬಿಚ್ಚಿದೆವು. ಇವತ್ತು ಪರೀಕ್ಷೆ.

ಅಕ್ಕ ತಗಡಿನಿಂದ ದುಂಡಗೆ ಒಂದು ಬಿಲ್ಲೆ ಕತ್ತರಿಸಿ ತಂದಿದ್ದಾಳೆ, ಸರಿಯಾಗಿ ನೂರು ಮಿಲಿ. ಎಲ್ಲೂ ಅದು ಒಳಗೆ ಹೋಗಬಾರದು. ನಾನು ಮಾಡುತ್ತೇನೆ ಅಂತ ಕೈ ಚಾಚಿದೆ. ಸಾರ್ ಕೊಡಲಿಲ್ಲ. ಪ್ಯಾಂಟಿನ ಕಾಲು ಮಡಿಸಿ, ಮೊಣಕಾಲೂರಿ, ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿದರು.

ಸರಳಿನ ಎರಡೂ ಪಕ್ಕ ಬಿಲ್ಲೆ ಒತ್ತಿ ನೋಡುತ್ತಾರೆ. ಮೇಲೆ ಒಂದು ಸಲ, ನಡುವೆ ಒಂದು ಸಲ, ಕೆಳಗೆ ಒಂದು ಸಲ. ಎಣಿಕೆ ಜೋರಾಗಿ ಹೇಳುತ್ತಾರೆ. ಮೊದಲ ಮಹಡಿ ಮುಗಿಯುವ ಹೊತ್ತಿಗೆ ಶರ್ಟು ಬೆನ್ನಿಗೆ ಅಂಟಿತ್ತು. ಸೊಸೆ "ಸ್ವಲ್ಪ ಕೂತ್ಕೊಳ್ಳಿ, ನಾನು ಮಾಡ್ತೀನಿ" ಅಂದಳು. ತಲೆ ಅಲ್ಲಾಡಿಸಿದರು.

ತೊಂಬತ್ತೊಂದರಲ್ಲಿ ಬಿಲ್ಲೆ ಒಂದು ಕಡೆ ಸ್ವಲ್ಪ ಒಳಗೆ ಹೋದ ಹಾಗೆ ಕಾಣಿಸಿತು. ಎಲ್ಲರೂ ಎದ್ದು ನಿಂತೆವು. ಅಕ್ಕ ಟೇಪು ಹಿಡಿದಳು. ಐವತ್ತೇಳು. ಬಿಲ್ಲೆಯ ಅಂಚು ಕಂಬದ ನೆರಳಿಗೆ ಬಿದ್ದದ್ದು ಅಷ್ಟೆ. ಅಕ್ಕ ನನ್ನ ಕಡೆ ನೋಡಿ, "ಉಸಿರು ಬಿಡಿ ಮೇಸ್ತ್ರಿ" ಅಂದಳು. ಬಿಟ್ಟೆ.

ಆಯಾ ಮೇಲೆ ಗೋಡೆಗೆ ಒರಗಿ ನಿಂತಿದ್ದಾಳೆ. ಬೀಗದ ಕೈ ಸದ್ದು ಮಾಡದ ಹಾಗೆ ಮುಷ್ಟಿಯಲ್ಲಿ ಹಿಡಿದಿದ್ದಾಳೆ.

ನೂರ ಹತ್ತೊಂಬತ್ತು ಅಂದರು. ನೂರ ಇಪ್ಪತ್ತು. ದನಿ ಒಡೆದಿದೆ, ಆದರೂ ಎಣಿಕೆ ತಪ್ಪಿಲ್ಲ. ನಾನೂ ಜೊತೆಗೇ ಎಣಿಸುತ್ತಿದ್ದೇನಲ್ಲ.

ನೂರ ಇಪ್ಪತ್ತೈದು.

ಸೊಸೆ ಎರಡು ಮೆಟ್ಟಿಲು ಹತ್ತಿ ಅವರ ಪಕ್ಕ ಹೋಗಿ ಕೂತಳು. ನೂರ ಇಪ್ಪತ್ತಾರು. ಅಕ್ಕ ನನ್ನ ತೋಳು ಹಿಡಿದು ಎಬ್ಬಿಸುತ್ತಿದ್ದಾಳೆ — "ಬರೆದಿದ್ದು ಸಾಕು, ಬನ್ನಿ, ಕೊನೇದು ನೀವೂ ನೋಡಬೇಕಂತೆ, ಕರೀತಿದಾರೆ." ನೂರ ಇಪ್ಪತ್ತೇಳು. ಬಂದೆ, ಬಂದೆ. ಸಾರ್ ಬಿಲ್ಲೆ ನನ್ನ ಕಡೆ ಚಾಚಿದ್ದಾರೆ. ಪೆನ್ನು ಕೆಳಗಿಡುತ್ತೇನೆ.